ಹನ್ನೊಂದು ಚುಕ್ಕೆಯ ಸೈಕಲ್ಲು

"ಅಲ್ಲಾಡಬೇಡ" ಎಂದು ಗುಮಾಸ್ತರು ಸೈಕಲ್ಲಿಗೆ ಹೇಳಿ, ಉಸಿರು ಬಿಗಿಹಿಡಿದು, ಹನ್ನೊಂದನೆಯ ಗಾಯಕ್ಕೆ ಬ್ರಷ್ಷು ತಾಗಿಸಿದರು.

ಸೈಕಲ್ಲು ಅಲ್ಲಾಡಲಿಲ್ಲ. ಅದು ಹಿಂದಿನ ಜಗಲಿಯಲ್ಲಿ ಸೀಟನ್ನೂ ಹ್ಯಾಂಡಲನ್ನೂ ನೆಲಕ್ಕೂರಿ, ಎರಡೂ ಚಕ್ರಗಳನ್ನು ಮೇಲಕ್ಕೆತ್ತಿ, ಆಪರೇಷನ್ನಿಗೆ ಒಪ್ಪಿಗೆ ಕೊಟ್ಟ ರೋಗಿಯಂತೆ ತೆಪ್ಪಗಿತ್ತು. ಗುಮಾಸ್ತರು ಬೋರಲು ಮಲಗಿದ್ದರು. ಗಲ್ಲದ ಕೆಳಗೆ ನಾಲ್ಕು ಮಡಿಕೆಯ ಟವೆಲ್ಲು, ಬಲಗಡೆ ಬಣ್ಣದ ಪುಟ್ಟ ಡಬ್ಬ, ಎಡಗಡೆ ಸೋಪಿನ ನೀರು, ಸವೆದ ಉಪ್ಪು ಕಾಗದ, ಹರಿದ ಬನಿಯನ್ನು. ಬ್ರಷ್ಷು ಎದುರುಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟರದು. ಅದರ ತುದಿಯಲ್ಲಿ ಹೆಚ್ಚೆಂದರೆ ಹದಿನೈದು ಕೂದಲಿದ್ದವು. ಗುಮಾಸ್ತರ ತಲೆಯ ಮೇಲೂ ಸುಮಾರು ಅಷ್ಟೇ ಇದ್ದುದರಿಂದ ಅವರು ಆ ಬ್ರಷ್ಷನ್ನು ಬಹಳ ಮರ್ಯಾದೆಯಿಂದ ಹಿಡಿದಿದ್ದರು.

ಸೈಕಲ್ಲು ಹೆಂಡತಿಯದು. ಸೋಮವಾರದಿಂದ ಆಕೆ ಮೂರು ಕಿಲೋಮೀಟರ್ ಆಚೆಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಂಡು ರೋಗಿಗಳನ್ನು ಒಳಗೆ ಕಳಿಸುವ ಕೆಲಸಕ್ಕೆ ಹೋಗಬೇಕು. ನಲವತ್ತಮೂರನೆಯ ವಯಸ್ಸಿನಲ್ಲಿ ಇದು ಆಕೆಯ ಮೊದಲ ನೌಕರಿ. ಸೈಕಲ್ ಶಾಪಿನಲ್ಲಿ ನಾಲ್ಕು ಹಳೆಯ ಸೈಕಲ್ಲುಗಳಿದ್ದವು. ಮೂರು ಗಟ್ಟಿಯಾಗಿದ್ದವು, ಒಂದು ಹಸಿರಾಗಿತ್ತು. ಆಕೆ ಹಸಿರನ್ನೇ ಆರಿಸಿಕೊಂಡಳು. "ಎಂಥಾ ಬಣ್ಣ ನೋಡಿ! ಬಲಿತ ಎಲೆ ಹಾಗೆ. ಅಲ್ಲಲ್ಲಿ ಚಕ್ಕೆ ಎದ್ದಿದೆ, ಅದೊಂದು ಇಲ್ದಿದ್ರೆ ಹೊಸದೇ" ಎಂದು ಮನೆಯ ತನಕ ಅದನ್ನು ಸವರುತ್ತಲೇ ಬಂದಿದ್ದಳು. ಅದೊಂದನ್ನು ಇಲ್ಲವಾಗಿಸುವುದು ಗಂಡನ ಧರ್ಮವೆಂದು ಗುಮಾಸ್ತರು ತೀರ್ಮಾನಿಸಿದರು. ಶನಿವಾರ ಮಧ್ಯಾಹ್ನ ಆಕೆ ತಂಗಿಯ ಮನೆಗೆ ಹೊರಟದ್ದೇ ತಡ, ತೋಳು ಮಡಿಸಿದರು.

ಇಲ್ಲಿ ಒಂದು ವಿಷಯವನ್ನು ಓದುಗರ ಕಿವಿಯಲ್ಲಿ ಹೇಳಿಬಿಡುವುದು ಒಳ್ಳೆಯದು. ಗುಮಾಸ್ತರಿಗೆ ಹಸಿರೂ ಕೆಂಪೂ ಒಂದೇ.

ಹುಟ್ಟಿದಾಗಿನಿಂದ ಹಾಗೆಯೇ. ಚೌಕದ ಸಿಗ್ನಲ್ಲಿನಲ್ಲಿ ಅವರು ದೀಪ ನೋಡುವುದಿಲ್ಲ, ಪಕ್ಕದವರ ಕಾಲು ನೋಡುತ್ತಾರೆ. ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮುಗಿದ ಕಡತಕ್ಕೆ ಕೆಂಪು ದಾರ, ನಡೆಯುತ್ತಿರುವ ಕಡತಕ್ಕೆ ಹಸಿರು ದಾರ. ಅವರು ಧೂಳಿನ ದಪ್ಪ ನೋಡಿ ಗುರುತು ಹಿಡಿಯುತ್ತಾರೆ. ಮದುವೆಯ ಮಾತಿಗೆ ಹೋದಾಗ ಮಾವನವರು, "ದೇಹದಲ್ಲಿ ಏನಾದ್ರೂ ಊನ ಇದೆಯೇನಪ್ಪಾ?" ಎಂದು ಕೇಳಿದ್ದರು. ಗುಮಾಸ್ತರು ಹುಡುಗಿಯ ಕಡೆ ಒಮ್ಮೆ ನೋಡಿ, "ಏನೂ ಇಲ್ಲ" ಎಂದುಬಿಟ್ಟರು. ಆ ಎರಡು ಪದಗಳನ್ನು ಕಾಪಾಡಿಕೊಂಡು ಬಂದು ಈಗ ಇಪ್ಪತ್ತೆರಡು ವರ್ಷ. ಪರದೆ, ಕೊಡೆ, ಗೋಡೆಯ ಬಣ್ಣ, ಯಾವುದನ್ನು ಕೇಳಿದರೂ "ನಿನ್ನಿಷ್ಟ" ಎನ್ನುತ್ತಿದ್ದರು. ಇದರಿಂದ ಹೆಂಡತಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟ ಉದಾರಿ ಎಂದು ಬಂಧುಬಳಗದಲ್ಲಿ ಹೆಸರೂ ಬಂತು. ಆದರೆ ಸುಳ್ಳು ಹೇಳಿ ಕಟ್ಟಿಕೊಂಡವನೆಂದು ಆಕೆಗೆ ಗೊತ್ತಾದ ದಿನ ಈ ಮನೆಯಲ್ಲಿ ತಮ್ಮ ಮಾತಿಗೆ ಬೆಲೆ ಇರುವುದಿಲ್ಲ ಎಂಬ ಒಂದೇ ಭಯ ಅವರ ಬನಿಯನ್ನಿನ ಒಳಗೆ ಸದಾ ಇತ್ತು.

ಹಾಗಿರುವಾಗ ಬಣ್ಣ ಹೊಂದಿಸುವ ಕೆಲಸಕ್ಕೆ ಕೈಹಾಕುವುದೇ? ಗುಮಾಸ್ತರು ದಡ್ಡರಲ್ಲ. ಫ್ರೇಮಿನ ಅಡಿಯಿಂದ ಉಗುರಿನಷ್ಟು ಚಕ್ಕೆಯನ್ನು ಬ್ಲೇಡಿನಿಂದ ಎಬ್ಬಿಸಿ, ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಹೋಗಿ, ಪೇಂಟಿನ ಅಂಗಡಿಯವನ ಮುಂದೆ ತೆರೆದು, "ಇದೇ ಬಣ್ಣ ಬೇಕು. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು" ಎಂದಿದ್ದರು. ಅಂಗಡಿಯವನು ಕನ್ನಡಕ ಏರಿಸಿ, ಮೂರು ಡಬ್ಬಗಳಿಂದ ಹನಿ ಹನಿ ಬೆರೆಸಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಬಣ್ಣವನ್ನೇ ಕೊಟ್ಟಿದ್ದ.

ದಾರಿಯಲ್ಲಿ ಚಕ್ಕೆ ಪೊಟ್ಟಣದೊಳಗೇ ಮಗುಚಿ ಬಿದ್ದಿತ್ತು. ಅದರ ಮೇಲ್ಮೈ ಹಸಿರು. ಹಿಂಬದಿಗೆ ಅಂಟಿದ್ದದ್ದು ಕಬ್ಬಿಣಕ್ಕೆ ಮೊದಲು ಬಳಿಯುವ ರೆಡ್ ಆಕ್ಸೈಡು, ಅಪ್ಪಟ ಇಟ್ಟಿಗೆ ಕೆಂಪು. ಅಂಗಡಿಯವನಿಗೆ ಕಂಡದ್ದು ಅದೊಂದೇ.

ಹನ್ನೊಂದನೆಯ ಚುಕ್ಕೆ ಮುಗಿಸಿ ಗುಮಾಸ್ತರು ಎದ್ದು ನಿಂತರು. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರು, ಎರಡೂ ಕಣ್ಣು ಬಿಟ್ಟು ನೋಡಿದರು. ಪೆಟ್ಟು ಬಿದ್ದ ಜಾಗ ಎಲ್ಲಿ ಹುಡುಕಿದರೂ ಸಿಗಲಿಲ್ಲ. "ಭಲೇ" ಎಂದು ತಮಗೆ ತಾವೇ ಹೇಳಿಕೊಂಡು ಟೀ ಕಾಯಿಸಿಕೊಂಡರು.

ಸಂಜೆ ಹೆಂಡತಿ ಒಬ್ಬಳೇ ಬರಲಿಲ್ಲ. ಬಿಡಲು ತಂಗಿಯ ಗಂಡನೂ ಬಂದ. ಈ ಷಡ್ಡಕ ವಿಮೆ ಏಜೆಂಟು. ಯಾರ ಮನೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಏನು ಕೆಟ್ಟಿದೆ ಎಂಬುದು.

"ಕಣ್ಣು ಮುಚ್ಕೋ" ಎಂದು ಗುಮಾಸ್ತರು ಹೆಂಡತಿಯನ್ನು ಜಗಲಿಗೆ ಕರೆತಂದರು. "ಈಗ ಬಿಡು. ಎಲ್ಲೆಲ್ಲಿ ಚಕ್ಕೆ ಎದ್ದಿತ್ತು, ಬೆರಳಿಟ್ಟು ತೋರ್ಸು ನೋಡೋಣ!"

ಆಕೆ ಕಣ್ಣು ಬಿಟ್ಟಳು.

ಹಸಿರು ಸೈಕಲ್ಲಿನ ಮೈತುಂಬ ಹನ್ನೊಂದು ಇಟ್ಟಿಗೆ ಕೆಂಪು ಚುಕ್ಕೆಗಳು, ಒಂದೊಂದೂ ಅಂಚು ಕಟ್ಟಿದಂತೆ ದುಂಡಗೆ, ಶ್ರದ್ಧೆಯಿಂದ, ಹೊಳೆಯುತ್ತ. ಆಕೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅಲ್ಲಿ ಮೂಗಿನ ಮೇಲೆ ಹನ್ನೆರಡನೆಯ ಚುಕ್ಕೆಯಿತ್ತು.

"ಒಂದೂ ಕಾಣಿಸ್ತಿಲ್ಲ ರೀ" ಎಂದಳು.

"ಹಾಂ! ಸರಿಯಾಗಿ ನೋಡು!"

"ಸರಿಯಾಗೇ ನೋಡಿದೆ. ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ."

ಷಡ್ಡಕ ಮುಂದೆ ಬಂದ. "ಏನ್ ಭಾವ ಇದು! ಸೈಕಲ್ಲಿಗೆ ದಡಾರ ಬಂದ ಹಾಗೆ…" ಮಾತು ಅಲ್ಲಿಗೇ ನಿಂತಿತು. ಅವನ ಹೆಬ್ಬೆರಳಿನ ಮೇಲೆ ಅತ್ತಿಗೆಯ ಹಿಮ್ಮಡಿ ಇತ್ತು.

"ಏನು ಬಂದ ಹಾಗೆ?" ಎಂದರು ಗುಮಾಸ್ತರು.

"ದ… ದರ್ಬಾರಿಗೆ ಬಂದ ಹಾಗೆ ನಿಂತಿದೆ, ಅಂದೆ. ಬೆಲ್ಲಂತೂ ತುಂಬಾ ಚೆನ್ನಾಗಿದೆ ಭಾವ." ಅವನ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ಮನಸೋತು ಮೆಚ್ಚುವ ಗುಣ ಇವನಲ್ಲಿದೆಯೆಂದು ಗುಮಾಸ್ತರಿಗೆ ಈವರೆಗೆ ತಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಗುಮಾಸ್ತರು ಸೈಕಲ್ಲನ್ನು ಮನೆಯ ಮುಂದೆ ಬಿಸಿಲಿಗೆ ನಿಲ್ಲಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪೇಪರು ಓದುತ್ತಿರುವಂತೆ ಕಾಣಬೇಕೆಂದು ಪೇಪರನ್ನೂ ಹಿಡಿದಿದ್ದರು. ಅಷ್ಟರಲ್ಲಿ ಹೆಂಡತಿ ಒಂದು ಬಟ್ಟಲು ಹಿಡಿದು, "ಸಕ್ಕರೆ ಮುಗಿದಿದೆ, ಪಕ್ಕದ ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಹೊರಟಳು. ಪಕ್ಕದ ಮನೆಯಿಂದ ಬಂದು, ಬಟ್ಟಲು ಒಳಗಿಟ್ಟು, ಇನ್ನೊಂದು ಹಿಡಿದು ಅದರಾಚೆಯ ಮನೆಗೆ ಹೋದಳು. ಹೀಗೆ ಬೀದಿಯ ಎರಡೂ ಬದಿಯಲ್ಲಿ ಏಳು ಮನೆ. ಒಂಬತ್ತು ಗಂಟೆಯ ಹೊತ್ತಿಗೆ ಅಡುಗೆಮನೆಯಲ್ಲಿ ಏಳು ಬಟ್ಟಲು ಸಕ್ಕರೆಯಿತ್ತು.

"ಇಷ್ಟೊಂದು ಯಾಕೇ?" ಎಂದು ಗುಮಾಸ್ತರು ಕೇಳಿದರು.

"ಒಳ್ಳೇ ಜನ. ಒಂದು ಚಮಚ ಕೇಳಿದ್ರೆ ಬಟ್ಟಲು ತುಂಬಿಸಿ ಕೊಟ್ಟುಬಿಡ್ತಾರೆ."

ಆಮೇಲೆ ಬೀದಿಯವರು ಒಬ್ಬೊಬ್ಬರೇ ಬಂದರು. ಎಲ್ಲರ ನಡಿಗೆಯಲ್ಲೂ ಸಂತಾಪ ಸೂಚಿಸಲು ಬರುವವರ ಗಾಂಭೀರ್ಯವಿತ್ತು. ಮೂಲೆಮನೆಯ ಟೈಲರು ಸೈಕಲ್ಲು ನೋಡಿ ಬಾಯಿಗೆ ಕರ್ಚೀಫು ಒತ್ತಿಕೊಂಡು, "ಕೆಮ್ಮು ಗುಮಾಸ್ತ್ರೇ, ಕೆಮ್ಮು" ಎಂದು ಓಡಿದ. ನರ್ಸಮ್ಮ, "ವಾಸಿಯಾಗಿದೆ, ಪೂರ್ತಿ ವಾಸಿಯಾಗಿದೆ" ಎಂದು ಸೀಟಿನ ಬೆನ್ನು ತಟ್ಟಿ ಹೋದರು.

ಕಷ್ಟವಾದದ್ದು ಡ್ರಾಯಿಂಗ್ ಮೇಷ್ಟರಿಗೆ. ಬ್ರಷ್ಷು ವಾಪಸು ಪಡೆಯಲು ಬಂದ ಅವರು ಸೈಕಲ್ಲಿನ ಮುಂದೆ ಕಂಬದಂತೆ ನಿಂತರು. ಮೂವತ್ತಾರು ವರ್ಷ ಮಕ್ಕಳ ಕಿವಿ ಹಿಂಡಿ, ಯಾವ ಬಣ್ಣದ ಪಕ್ಕ ಯಾವುದು ಇರಬಾರದೆಂದು ಕಲಿಸಿದವರು. ಬಣ್ಣದ ವಿಷಯದಲ್ಲಿ ಅವರು ಹೆಂಡತಿಗೂ ಸುಳ್ಳು ಹೇಳಿದವರಲ್ಲ. ಅದಕ್ಕಾಗಿ ಅನುಭವಿಸಿದ್ದೂ ಉಂಟು.

"ಹೇಳಿ ಮೇಷ್ಟ್ರೇ" ಎಂದರು ಗುಮಾಸ್ತರು. "ನಿಮ್ಮಂಥವರ ಬಾಯಿಂದ ಕೇಳ್ಬೇಕು. ಮ್ಯಾಚಿಂಗು ಹೇಗಿದೆ?"

ಮೇಷ್ಟರು ಕಿಟಕಿಯ ಕಡೆ ನೋಡಿದರು. ಕಿಟಕಿಯಲ್ಲಿ ಗುಮಾಸ್ತರ ಹೆಂಡತಿ ಎರಡೂ ಕೈ ಜೋಡಿಸಿ ನಿಂತಿದ್ದಳು.

"ನೀವು… ನೀವು ಧೈರ್ಯ ಮಾಡಿದೀರಿ" ಎಂದರು ಮೇಷ್ಟರು.

"ಧೈರ್ಯ ಬೇಕೇ ಬೇಕು. ಆದ್ರೆ ಬಣ್ಣ?"

"ಬಣ್ಣ ಇದೆ. ಸಾಕಷ್ಟಿದೆ."

"ಚಕ್ಕೆ ಎದ್ದ ಜಾಗ ನಿಮ್ಗೇನಾದ್ರೂ ಕಾಣುತ್ತಾ?"

ಮೇಷ್ಟರು ಕಣ್ಣು ಮುಚ್ಚಿಕೊಂಡರು. "ಈಗ ಇಲ್ಲ" ಎಂದರು. ಸತ್ಯವಂತರು ಹೀಗೂ ಬದುಕಿಕೊಳ್ಳುತ್ತಾರೆ. ಬ್ರಷ್ಷು ಇಸಿದುಕೊಳ್ಳುವುದನ್ನು ಮರೆತು, ಗೋಡೆ ಹಿಡಿದುಕೊಂಡು ಮನೆಗೆ ಹೋದರು.

ಸೋಮವಾರ ಹೆಂಡತಿ ಸೈಕಲ್ ಹತ್ತಿ ಕೆಲಸಕ್ಕೆ ಹೋದಳು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಬೆಲ್ಲು ಬೇಕಾದ್ದಕ್ಕಿಂತ ಹೆಚ್ಚು. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರಂತೆ. "ನೋಡ್ದೆ ಇರ್ತಾರಾ?" ಎಂದು ಗುಮಾಸ್ತರು ಕಚೇರಿಯಲ್ಲಿ ಎಲ್ಲರಿಗೂ ಹೇಳಿ, ಊಟದ ಬಿಡುವಿನಲ್ಲಿ ಕ್ಲಿನಿಕ್ಕಿಗೆ ಹೋದರು.

ಕ್ಲಿನಿಕ್ಕು ಒಂದೇ ಕೋಣೆಯದು. ನಡುವೆ ಅರ್ಧ ಎತ್ತರದ ಮರದ ಅಡ್ಡಗೋಡೆ. ಆಚೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ದಪ್ಪ ರೋಗಿ. ಅವನಿಗೆ ಕಿಟಕಿಯಿಂದ ಸೈಕಲ್ಲು ನೇರವಾಗಿ ಕಾಣುತ್ತಿತ್ತು. ಈಚೆ ಮೇಜಿನ ಹಿಂದೆ, ಹೊಸ ರಿಜಿಸ್ಟರಿನ ಮುಂದೆ, ಹೆಂಡತಿ. ಗುಮಾಸ್ತರು ಆಕೆಯನ್ನು ಯಾರೋ ಪರಿಚಯವಿಲ್ಲದ ಅಧಿಕಾರಿಯನ್ನು ನೋಡುವಂತೆ ಒಂದು ಕ್ಷಣ ನೋಡಿ, ನಮಸ್ಕಾರ ಮಾಡಿಬಿಟ್ಟರು.

"ಹೆಸರು?" ಎಂದಳು ಆಕೆ, ನಗದೆ.

ಡಾಕ್ಟರು ಅಡ್ಡಗೋಡೆಯ ಮೇಲಿನಿಂದ ತಲೆ ಹಾಕಿದರು. "ಆ ಸೈಕಲ್ಲಿಗೆ ಫಿಲ್ಲಿಂಗ್ ಮಾಡಿದೋರು ನೀವೇನಾ?"

"ನಾನೇ ಡಾಕ್ಟ್ರೇ."

"ಒಂದು ಹಲ್ಲಿಗೆ ಸಿಮೆಂಟು ತುಂಬಬೇಕಾದ್ರೆ ನಾನು ಹದಿನಾರು ಥರ ಬಿಳಿ ಇಟ್ಟು ನೋಡ್ತೀನಿ. ಆದ್ರೂ ಎರಡು ಸಲ ತಪ್ಪುತ್ತೆ. ನೀವು ಎಷ್ಟು ಹಸಿರು ಇಟ್ಟು ನೋಡಿದ್ರಿ?"

"ಒಂದೇ. ಒಂದೇ ಏಟಿಗೆ ಸಿಕ್ತು."

ಡಾಕ್ಟರು ತಮ್ಮ ಹೊಸ ಸಹಾಯಕಿಯ ಕಡೆ ನೋಡಿದರು. ಆಕೆ ಪೆನ್ಸಿಲನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೇನು ಮುರಿಯುತ್ತದೆ ಎನ್ನುವಷ್ಟು ಬಗ್ಗಿಸಿದ್ದಳು. ಡಾಕ್ಟರಿಗೂ ಮದುವೆಯಾಗಿತ್ತು. ಅವರಿಗೆ ಅರ್ಥವಾಯಿತು.

"ಆಹಾ" ಎಂದರು. "ಅದು ಕೈಗುಣ."

ಆಗ ಕುರ್ಚಿಯ ರೋಗಿ ಕಿಟಕಿಯತ್ತ ಬೆರಳು ಮಾಡಿ, "ಕೆಂ… ಕೆಂಫು… ಛುಕ್ಕೆ…" ಎಂದು ಏಳಲು ಹೊರಟ. ಡಾಕ್ಟರು ಒಂದು ಹಿಡಿ ಹತ್ತಿಯನ್ನು ಅವನ ದವಡೆಗೆ ತುರುಕಿ, "ಮಾತಾಡ್ಬೇಡಿ, ಬಾಯಿ ಮಾತ್ರ ತೆಗೀರಿ" ಎಂದರು.

"ಪಾಪ, ತುಂಬಾ ನೋವಿರ್ಬೇಕು" ಎಂದು ಗುಮಾಸ್ತರು ಮರುಗಿದರು.

ಹೀಗೆ ವಾರ ಕಳೆಯಿತು. ಹೊಗಳಿಕೆ ಕೇಳಿ ಕೇಳಿ ಗುಮಾಸ್ತರಿಗೆ ಒಂದು ಕೊರಗು ಹುಟ್ಟಿತು. ಕೀರ್ತಿಯಲ್ಲಿ ಅರ್ಧ ಪೇಂಟಿನ ಅಂಗಡಿಯವನಿಗೆ ಸಲ್ಲಬೇಕಲ್ಲವೇ? ನ್ಯಾಯವಂತರಾದ ಅವರು ಮುಂದಿನ ಶನಿವಾರ ಅದನ್ನು ಸಲ್ಲಿಸಲು ಹೋದರು.

"ಏನ್ ಮ್ಯಾಚಿಂಗ್ರೀ ನಿಮ್ದು! ಬೀದಿಗೆ ಬೀದಿಯೇ ಬೆರಗಾಗಿದೆ. ಎಲ್ಲಿ ಹಚ್ಚಿದೀನಿ ಅಂತ ಒಬ್ಬರಿಗೂ ಗೊತ್ತಾಗಿಲ್ಲ."

ಅಂಗಡಿಯವನಿಗೆ ಖುಷಿಯಾಯಿತು. "ಗೇಟಿಗೆ ತಾನೆ ಸಾರ್?"

"ಗೇಟಲ್ಲ, ಸೈಕಲ್ಲಿಗೆ."

"ಓಹೋ. ಕೆಂಪು ಸೈಕಲ್ಲು."

"ಹಸಿರು."

ಅಂಗಡಿಯವನು ಡಬ್ಬದ ಮುಚ್ಚಳ ಒತ್ತುತ್ತಿದ್ದವನು ನಿಂತ. "ಹಸಿರು ಸೈಕಲ್ಲಿಗೆ ಇಟ್ಟಿಗೆ ಕೆಂಪು ಹಚ್ಚಿದ್ರಾ?"

"ನೀವು ಕೊಟ್ಟಿದ್ದು ಹಸಿರು."

"ನೀವು ತಂದಿದ್ದು ಕೆಂಪು!" ಅವನು ಗಲ್ಲಾದ ಹಿಂದಿನ ರಟ್ಟಿನ ಮೇಲೆ, ನಮೂನೆಗೆಂದು ಅಂಟಿಸಿಟ್ಟಿದ್ದ ಚಕ್ಕೆಯನ್ನು ಉಗುರಿನಿಂದ ಕಿತ್ತು ಮಗುಚಿದ. "ಅಯ್ಯೋ ಸಾರ್. ಈ ಕಡೆ ಹಸಿರು. ಈ ಕಡೆ ಒಳಗಿನ ಆಕ್ಸೈಡು. ನೀವು ಕೊಟ್ಟಾಗ ಇದು ಬೋರಲು ಬಿದ್ದಿತ್ತು. ಅಲ್ಲಾ, ಹಚ್ಚೋವಾಗ ನಿಮ್ಗೆ ಕಾಣಿಸ್ಲಿಲ್ವಾ?"

ಗುಮಾಸ್ತರು ಚಕ್ಕೆಯನ್ನು ಕೈಗೆ ತೆಗೆದುಕೊಂಡು ಈ ಕಡೆ ನೋಡಿದರು, ಆ ಕಡೆ ನೋಡಿದರು.

"ನಿಜವಾದ ಹಸಿರು ಒಂದು ಡಬ್ಬ ಕೊಡಿ" ಎಂದರು ಮೆಲ್ಲಗೆ. "ಮುಚ್ಚಳದ ಮೇಲೆ ಹಸಿರು ಅಂತ ಬರೆದು ಕೊಡಿ."

ಮನೆಯ ದಾರಿಯಲ್ಲಿ ತರಕಾರಿ ಗಾಡಿಯ ಮುಂದೆ ನಿಂತರು. ಹದಿನೈದು ವರ್ಷಗಳಿಂದ ಅವರು ಇಲ್ಲಿ "ಒಳ್ಳೇದು ನೋಡಿ ಹಾಕಮ್ಮ" ಎಂದಷ್ಟೇ ಹೇಳಿ ಚೀಲ ಚಾಚುತ್ತಿದ್ದರು. ಅದನ್ನು ತಮ್ಮ ಚಾಣಾಕ್ಷತನವೆಂದು ತಿಳಿದಿದ್ದರು. ಇವತ್ತು ಒಂದು ಟೊಮೆಟೊ ಕೈಗೆತ್ತಿಕೊಂಡು ಕೇಳಿಯೇಬಿಟ್ಟರು: "ಇದು ಕಾಯೋ, ಹಣ್ಣೋ?"

"ಅದನ್ನ ಇಡಿ ಅಣ್ಣಾ" ಎಂದಳು ತರಕಾರಿಯವಳು, ಕೈಯಿಂದ ಕಸಿದುಕೊಂಡು. "ನಿಮ್ಗ್ಯಾಕೆ ಆ ತಲೆನೋವು? ನಾನೇ ಆರಿಸಿ ಹಾಕ್ತೀನಲ್ಲ. ಅಕ್ಕ ಶುರುವಲ್ಲೇ ಹೇಳಿದಾರೆ, ಅವರಿಗೆ ಕಾಯಿ ಹಣ್ಣು ತಿಳಿಯಲ್ಲ, ಕೇಳೋಕೆ ಸಂಕೋಚ, ನೀನೇ ನೋಡ್ಕೋ ಅಂತ."

"ಯಾವ ಅಕ್ಕ?"

"ಯಾವ ಅಕ್ಕ ಅಂದ್ರೆ! ನಿಮಗೆ ಎಷ್ಟು ಜನ ಇದಾರೆ?"

ಗುಮಾಸ್ತರು ಚೀಲ ಅಲ್ಲೇ ಬಿಟ್ಟು ನಡೆದರು. ಆಕೆ ಕೂಗಿ ಕರೆದು ಕೈಗೆ ಕೊಡಬೇಕಾಯಿತು.

ಜಗಲಿಯಲ್ಲಿ ಹೆಂಡತಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಒಂದು ಕೈಯಲ್ಲಿ ಪೆಡಲು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಎಣ್ಣೆಯ ಡಬ್ಬಿ. ಗುಮಾಸ್ತರು ಚೀಲ ಇಟ್ಟು, ಮೆಟ್ಟಿಲ ಮೇಲೆ ಕೂತರು.

"ಇವಳೇ, ಇದು ಕೆಂಪಂತೆ."

"ಇಟ್ಟಿಗೆ ಕೆಂಪು" ಎಂದಳು ಆಕೆ, ತಲೆ ಎತ್ತದೆ.

"ನಿಂಗೆ ಯಾವಾಗಿಂದ ಗೊತ್ತು?"

"ಮದುವೆಯಾದ ಒಂಬತ್ತನೇ ದಿನದಿಂದ. ಪಾರ್ಕಿನ ಹುಲ್ಲಲ್ಲಿ ನನ್ನ ಕೆಂಪು ಕರ್ಚೀಫು ಬಿದ್ದಿತ್ತು. ನೀವು ಅದರ ಪಕ್ಕದಲ್ಲೇ ಮಂಡಿಯೂರಿ ಅರ್ಧ ಗಂಟೆ ಹುಡುಕಿದ್ರಿ. ಕೊನೆಗೆ, ಗಾಳಿಗೆ ಹಾರಿಹೋಗಿರ್ಬೇಕು ಅಂತ ಬೇಜಾರು ಮಾಡ್ಕೊಂಡು, ಮಾರನೇ ದಿನ ಅಂಥದ್ದೇ ಹೊಸದು ತಂದುಕೊಟ್ರಿ."

"ಅದಾದ್ರೂ ಕೆಂಪಿತ್ತು ತಾನೆ?"

"ಹಸಿರು."

ಪೆಡಲು ಕಿರ್ರೆಂದು ಎರಡು ಸುತ್ತು ತಿರುಗಿತು. ಗುಮಾಸ್ತರು ಕೈಯ ಡಬ್ಬವನ್ನು ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಸಾಗಿಸಿದರು.

"ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಮೊದಲು ಒಂದು ವರ್ಷ ಕಾದೆ. ಆಮೇಲೆ ಅಭ್ಯಾಸ ಆಗೋಯ್ತು."

"ನಾನು ನಿಮ್ಮಪ್ಪನಿಗೆ ಸುಳ್ಳು ಹೇಳಿದ್ದೆ ಕಣೇ. ಊನ ಇದೆಯಾ ಅಂದ್ರು. ಇಲ್ಲ ಅಂದೆ."

ಆಕೆ ಎಣ್ಣೆಯ ಡಬ್ಬಿ ಕೆಳಗಿಟ್ಟಳು. "ನಮ್ಮಪ್ಪ ಅವತ್ತು ನಿಮಗೆ, ನನ್ನ ಮಗಳು ಗೊರಕೆ ಹೊಡೀತಾಳೆ ಅಂತ ಹೇಳಿದ್ರಾ?"

"ಇಲ್ಲ."

"ಮನೆ ಎದ್ದು ಕೂರೋ ಹಾಗೆ ಹೊಡೀತಾಳೆ ಅಂತ?"

"ಇಲ್ಲಪ್ಪ."

"ಹಾಗಾದ್ರೆ ಅಲ್ಲಿಗಲ್ಲಿಗೆ ಸರಿಹೋಯ್ತು."

ಇಪ್ಪತ್ತೆರಡು ವರ್ಷ ಬನಿಯನ್ನಿನ ಒಳಗೆ ಕೂತಿದ್ದ ಭಯಕ್ಕೆ ಇಷ್ಟು ಸಲೀಸಾಗಿ ಎದ್ದುಹೋಗಲು ಅವಮಾನವಾಗಿರಬೇಕು. ಅದು ಗುಮಾಸ್ತರ ಮೂಗು ಕಣ್ಣುಗಳನ್ನೆಲ್ಲ ಒದ್ದೆ ಮಾಡಿಕೊಂಡು ಹೊರಗೆ ಹೋಯಿತು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಪಡಿಸಿಕೊಂಡು, ಕಚೇರಿಯಲ್ಲಿ ಕಡತ ಮಂಡಿಸುವ ಭಂಗಿಯಲ್ಲಿ ಎದ್ದು ನಿಂತು ಡಬ್ಬವನ್ನು ಮುಂದೆ ಹಿಡಿದರು.

"ನೋಡು, ಈ ಸಲ ಪಕ್ಕಾ ಹಸಿರು. ಅಂಗಡಿಯವನೇ ಬರೆದು ಕೊಟ್ಟಿದಾನೆ. ಮೇಷ್ಟ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹಚ್ತೀನಿ. ಒಂದೇ ಗಂಟೆ ಕೆಲಸ. ಹನ್ನೊಂದೂ ಮುಚ್ಚಿಹೋಗುತ್ತೆ."

"ಬೇಡ" ಎಂದಳು ಹೆಂಡತಿ.

"ಬೇಡ ಅಂದ್ರೆ? ಬಣ್ಣ ನೋಡಿಯೇ ತಾನೆ ನೀನು ಇದನ್ನ ಆರಿಸಿದ್ದು?"

"ಹೌದು. ಬೇಡ."

"ದಾರೀಲಿ ಜನ ನಗ್ತಾರಲ್ಲೇ!"

"ನಗಲಿ. ಹಲ್ಲು ಕಾಣುತ್ತೆ. ಕೆಟ್ಟಿರೋರು ಕ್ಲಿನಿಕ್ಕಿಗೆ ಬರ್ತಾರೆ."

"ಎದುರಿಗಿರೋ ಎರಡಾದ್ರೂ ಮುಚ್ತೀನಿ. ಹ್ಯಾಂಡಲಿನ ಕೆಳಗೆ ಒಂದು, ಅದರ ಪಕ್ಕ…"

ಆಕೆ ಎದ್ದು, ಕೈಯೊರೆಸಿಕೊಂಡು, ಗಂಡನಿಗೂ ಸೈಕಲ್ಲಿಗೂ ನಡುವೆ ಬಂದು ನಿಂತಳು.

"ನನ್ನ ಸೈಕಲ್ಲು" ಎಂದಳು. "ಒಂದು ಚುಕ್ಕೇನೂ ಮುಟ್ಟಕೂಡದು."